ಕೆಂಪಿನ ಹಿಂದಿನ ಕಣ್ಣು

ಬರೀ ಕೆಂಪು — ಶಂಕ್ರೆವ್ವ ಎತ್ತಿನ ಕೊಂಬನ್ನು ಗಾಜಿನಂತೆ ಆಚೆ ಕಾಣುವಷ್ಟು ತೆಳುವಾಗಿ ಹೆರೆದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು, ತಿರುವಿದಳು, ಈ ಬದಿಗೆ ಎತ್ತು ಇದೆ, ಉಸಿರು ಬಿಗಿಹಿಡಿದು ಬರೆದ ಒದ್ದೆ ಕಣ್ಣಿದೆ, ಆ ಬದಿಗೆ ಗೋಡೆಗೆ ಬಳಿದಂತೆ ಬರೀ ಕೆಂಪು, ಜನ ನೋಡುವುದು ಆ ಬದಿಯನ್ನೇ, ಬಣ್ಣ ಹಚ್ಚಿದ ಬದಿ ಅಂಟು ಬಳಿಸಿಕೊಂಡು ಪೆಟ್ಟಿಗೆಯ ಮರಕ್ಕೆ ಮುಖ ಮಾಡುತ್ತದೆ — ಗೊತ್ತಿತ್ತಲ್ಲ ಶಿವನೇ, ಎದುರು ಫ್ಲಾಟಿನ ಕೊರಿಯಾದ ಹಾನ್ ಆರು ತಿಂಗಳು ಇದನ್ನೇ ಕಲಿಸಿದ್ದಳಲ್ಲ, ತನ್ನ ಕಣ್ಣು ಮುಟ್ಟಿ ಮೊದಲು, ಗೋಡೆ ಮುಟ್ಟಿ ಕೊನೆಗೆ, ಮೊಮ್ಮಗಳು ಅಕ್ಷತಾ ನಡುವೆ ಕೂತು, ಮಾತಿಗೆ ಈ ಪರದೇಶದ ಬಾಲ ಹಚ್ಚಿ, ಅಜ್ಜಿ, ಎಲ್ಲಾ ಉಲ್ಟಾ ಲಾ, ಕಣ್ಣು ಫಸ್ಟ್, ಬ್ಯಾಕ್‌ಗ್ರೌಂಡ್ ಲಾಸ್ಟ್, ಅಷ್ಟೇ ರಿಮೆಂಬರ್ ಮಾಡು — ತಲೆಗೆ ನೆನಪಿತ್ತು, ಕೈಗೆ ನೆನಪಿದ್ದದ್ದು ಕಾರಹುಣ್ಣಿಮೆ, ಎತ್ತಿನ ಕೊಂಬಿಗೆ ಮೊದಲು ಕೆಂಪು ಹುರಮಂಜು, ಅದು ಒಣಗಿದ ಮೇಲೆ ಬಿಳಿ ಚುಕ್ಕೆ, ಇಲ್ಲೂ ಕೈ ಹಾಗೇ ಮೊದಲು ಕೆಂಪು ಬಳಿದುಬಿಟ್ಟಿತ್ತು, ಅಪ್ಪ ಹಗ್ಗ ಹಿಡಿದು ಲಗೂ ಮುಗಸ ಶಂಕ್ರಿ, ಅದಕ್ಕೂ ಬ್ಯಾಸರ ಬಂದೈತಿ, ಎತ್ತು ಮಾತ್ರ ಅಲುಗದೆ ಒಂದು ಒದ್ದೆ ಕಣ್ಣಿನಿಂದ ಅವಳನ್ನೇ ನೋಡುತ್ತ, ಅದೇ ಕಣ್ಣು ಇದು, ಅರವತ್ತು ವರ್ಷದ ಮೇಲೆ ಸಿಕ್ಕಿದ್ದು.

ಹಾನ್‌ಳ ತಾಯಿಯ ಪೆಟ್ಟಿಗೆ, ಇಂಥ ಹಾಳೆಗಳನ್ನೇ ಅಂಟಿಸಿದ ಮುಚ್ಚಳದಲ್ಲಿ ಒಂದೇ ಹಾಳೆ ಉದುರಿದ ಜಾಗ, ನಿಮ್ಮೂರಿನ ಎತ್ತು ನನ್ನಮ್ಮನ ಪೆಟ್ಟಿಗೆಯ ಮೇಲಿರಲಿ ಎಂದು ಅವಳೇ ಕೇಳಿದ್ದು, ಉಳಿದಿದ್ದ ಒಂದೇ ಹಾಳೆಯನ್ನು ಎರಡೂ ಕೈಯಿಂದ ಕೊಟ್ಟಿದ್ದು, ಈಗ ಈ ಫ್ಲಾಟುಗಳ ಕಾಂಡೊ ಕೆಡವಿ ದೊಡ್ಡದು ಕಟ್ಟುತ್ತಾರಂತೆ, ಎಲ್ಲರೂ ಖಾಲಿ ಮಾಡುತ್ತಿದ್ದಾರೆ, ಹಾನ್ ಇವತ್ತು ಸಂಜೆ ಹೊರಡುವವಳು — ತಾನು ನಲವತ್ತು ದಾಟಿ ರಾತ್ರಿ ಶಾಲೆಗೆ ಹೋದಾಗ ತಪ್ಪಾದರೆ ಪಾಟಿ ಒರೆಸಬಹುದಿತ್ತು, ಇದಕ್ಕೆ ನೀರು ತಾಗಿದರೆ ಸುರುಟಿಕೊಂಡು ಮತ್ತೆ ಕೊಂಬಾಗಲು ನೋಡುತ್ತದೆ, ಎಂಥಾ ಕೈ ಇದು, ಕಡಿದು ಒಲೆಗೆ ಹಾಕಬೇಕು — ಬೆಲ್, ಅಜ್ಜಿ, ಹಾನ್ ಆಂಟಿ ಬಂದ್ರು, ಲಾರಿ ವೇಟ್ ಮಾಡ್ತಿದೆಯಂತೆ, ಮುಗೀತಾ? ಹಾನ್ ಪೆಟ್ಟಿಗೆಯನ್ನೂ ಅಂಟಿನ ಬಟ್ಟಲನ್ನೂ ಕೆಳಗಿಟ್ಟು ಹಾಳೆ ತಗೊಂಡಳು, ಕೆಂಪು ನೋಡಿದಳು, ತಿರುವಿದಳು, ಬಹಳ ಹೊತ್ತು ನೋಡಿದಳು, ಬಯ್ಯಬಾರದೇ, ಒಂದು ಮಾತು ಬಯ್ದರೆ ಹಗುರಾಗುತ್ತಿತ್ತು, ಅಕ್ಷತಾಗೆ ಏನೋ ಹೇಳಿದಳು, ಅಜ್ಜಿ, ಕೆಂಪೂ ಚೆನ್ನಾಗೇ ಇದೆಯಂತೆ, ಹಾಗೇ ಅಂಟಿಸ್ತಾರಂತೆ — ಬ್ಯಾಡವ್ವ, ಬ್ಯಾಡ, ಅಂದಳೋ, ಅಂದುಕೊಂಡಳೋ, ಅಷ್ಟರಲ್ಲಿ ಬಿಸಿ ಅಂಟಿನ ಕುಂಚ ಎತ್ತಿನ ಹಣೆಯ ಮೇಲೆ, ಮೂತಿಯ ಮೇಲೆ, ಹಾಳೆ ಮುಚ್ಚಳದ ಮೇಲೆ ಕೆಳಮುಖವಾಗಿ ಕೂತಿತು, ಹಾನ್‌ಳ ಹೆಬ್ಬೆರಳು ಒತ್ತಿ ಹಿಡಿದಿದೆ, ಮೇಲೆ ಕೆಂಪು, ಬರೀ ಕೆಂಪು, ಅದರ ಕೆಳಗೆ, ಮರದ ಕತ್ತಲಿಗೆ ಒತ್ತಿಕೊಂಡು, ಆ ಕಣ್ಣು, ತೆರೆದೇ ಇರುವ ಆ ಒದ್ದೆ ಕಣ್ಣು —