ಗಂಟೆಗಂಬದ ಮೇಲೆ ರಸಮಟ್ಟ

ಗಾರೆಯವನು ಕುಡಿತ ಬಿಟ್ಟು ವರ್ಷ ತುಂಬಿತ್ತು. ಆದರೂ ಚರ್ಚಿನ ಅಂಗಳದಲ್ಲಿ ಗಂಟೆಗಂಬ ಕಟ್ಟುವ ಕೆಲಸವನ್ನು ಪಾದ್ರಿಯವರು ಅವನಿಗೆ ಕೊಟ್ಟಾಗ, ಸಭೆಯ ಹಿರಿಯನಾದ ಬಡಗಿ ಮುಖ ಗಂಟಿಕ್ಕಿದ್ದ.

"ಕುಡುಕನ ಕೈ ನಡುಗದೆ ಇರುತ್ತಾ ಅಯ್ಯನೋರೇ? ಸೊಟ್ಟಗಿದ್ರೆ ನಾನೇ ನಿಂತು ಕೆಡವಿಸ್ತೀನಿ."

"ಆಗ್ಲಿ, ನೀವೇ ನೋಡಿ ಹೇಳಿ," ಅಂದಿದ್ದರು ಪಾದ್ರಿ.

ಹಾಗಾಗಿ ಶನಿವಾರ ಮಧ್ಯಾಹ್ನ ಬಡಗಿ ಸಾರುವೆ ಹತ್ತಿದ, ಹಿಂದೆಯೇ ಗಾರೆಯವನೂ. ಗಾರೆಯವನು ಎಬ್ಬಿಸಿದ ಎರಡು ಕಂಬಗಳ ತಲೆಯ ಮೇಲೆ, ಗಂಟೆ ತೂಗುಹಾಕಲೆಂದು ಬಡಗಿಯೇ ಹತ್ತು ದಿನ ಹೆರೆದ ತೊಲೆ ಆಗಲೇ ಕೂತಿತ್ತು. ಕೆಳಗೆ ಅರ್ಧ ಸಭೆ ಕತ್ತೆತ್ತಿ ನಿಂತಿತ್ತು. ಗಾರೆಯವನ ಹೆಂಡತಿ ಮಾತ್ರ ನೆಲ ನೋಡುತ್ತಿದ್ದಳು. ಈ ಕೆಲಸ ಕೆಟ್ಟಿತು ಅನ್ನಿಸಿಕೊಂಡರೆ ಇನ್ನು ಯಾರೂ ಗಂಡನನ್ನು ಕೆಲಸಕ್ಕೆ ಕರೆಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಬಡಗಿ ತೊಲೆಯ ಮೇಲೆ ರಸಮಟ್ಟ ಇಟ್ಟ. ಗಾಜಿನೊಳಗಿನ ಗುಳ್ಳೆ ನಡುಗೆರೆ ಬಿಟ್ಟು ಚರ್ಚಿನ ಕಡೆ ಸರಿಯಿತು.

"ನೋಡಿದ್ಯಾ? ಕೆಡವು."

ಗಾರೆಯವನ ಮುಖ ಬಿಳಿಚಿಕೊಂಡಿತು. "ನೀರು ತುಂಬಿದ ಪೈಪು ಹಿಡಿದು ಮೂರು ಸಲ ಮಟ್ಟ ನೋಡಿದ್ದೆ ಅಣ್ಣ... ಒಂದ್ಸಲ ರಸಮಟ್ಟ ತಿರುಗಿಸಿ ಇಡ್ತೀರಾ?"

ಕಸುಬಿಗೆ ಸೇರಿದ ಮೊದಲ ವಾರವೇ ಕಲಿಯುವ ಪಾಠ ಅದು. ರಸಮಟ್ಟವನ್ನು ಹಾಗೊಮ್ಮೆ, ತುದಿ ಬದಲಿಸಿ ಹೀಗೊಮ್ಮೆ ಇಟ್ಟು ನೋಡಬೇಕು. ತೊಲೆ ಓರೆಯಿದ್ದರೆ ಗುಳ್ಳೆ ಎರಡು ಸಲವೂ ಒಂದೇ ದಿಕ್ಕಿಗೆ ಸರಿಯುತ್ತದೆ. ಬಡಗಿ ಹಾಗೆ ನೋಡಿ ಎಷ್ಟು ಕಾಲವಾಗಿತ್ತೋ! ಸಿಡಿಮಿಡಿಗೊಂಡೇ ತಿರುಗಿಸಿಟ್ಟ.

ಗುಳ್ಳೆ ಈ ಸಲ ಅಷ್ಟೇ ದೂರ ಎದುರು ದಿಕ್ಕಿಗೆ, ರಸ್ತೆಯ ಕಡೆ ಓಡಿತು.

ಕೆಟ್ಟಿದ್ದು ರಸಮಟ್ಟವೇ. ಎರಡು ವರ್ಷದ ಹಿಂದೆ ಅದು ಮಾಡಿನಿಂದ ಬಿದ್ದದ್ದು, ಒರೆಸಿ ಚೀಲಕ್ಕೆ ಹಾಕಿಕೊಂಡದ್ದು ಬಡಗಿಗೆ ನೆನಪಾಯಿತು. ಮನೆಯಲ್ಲಿ ತಾನೇ ಗೋಡೆಗೆ ಹೊಡೆದ ಹೊಸ ಹಲಗೆಯಿಂದ ನಿಂಬೆಹಣ್ಣು ಉರುಳಿ ಬೀಳುತ್ತದೆಂದು ಹೆಂಡತಿ ಗೊಣಗಿದಾಗ, ನಿನಗೆ ಇಡೋಕೆ ಬರಲ್ಲ ಎಂದು ಗದರಿದ್ದೂ.

"ಹೋಗ್ಲಿ ಬಿಡಿ ಅಣ್ಣ," ಗಾರೆಯವನು ಪಿಸುಗುಟ್ಟಿದ. "ಸರಿಯಾಗಿದೆ ಅಂತಷ್ಟೇ ಹೇಳಿ. ಇದು ನಮ್ಮಿಬ್ಬರಲ್ಲೇ ಇರ್ಲಿ."

ಬಡಗಿ ಅವನ ಮುಖ ನೋಡಿದ. ವರ್ಷವಿಡೀ ಪ್ರತಿ ಭಾನುವಾರ ಚರ್ಚಿನ ಬಾಗಿಲಲ್ಲಿ ನಿಂತು ಇವನ ಬಾಯಿಯ ವಾಸನೆ ಹಿಡಿಯಲು ಮೂಗರಳಿಸಿದ್ದ. ಇವನೋ, ತನ್ನ ಮಾನ ಕಾಯಲು ನಿಂತಿದ್ದಾನೆ!

ಬಡಗಿ ಎದ್ದು ನಿಂತ. ರಸಮಟ್ಟವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ಕೇಳ್ರಪ್ಪಾ! ಕಂಬ ಕೂದಲೆಳೆಯಷ್ಟೂ ತಪ್ಪಿಲ್ಲ! ಕೆಟ್ಟಿರೋದು ನನ್ನ ರಸಮಟ್ಟ. ಈ ಮನುಷ್ಯನ್ನ ವರ್ಷದಿಂದ ಅಳೆದಿದ್ದೂ ಇಂಥದ್ರಲ್ಲೇ. ತೀರ್ಪು ಹೇಳೋಕೆ ದೇವರಿದ್ದಾನೆ, ಅವನ ಜಾಗದಲ್ಲಿ ನಾನು ಹೋಗಿ ಕೂತಿದ್ದೆ. ತಮ್ಮಾ, ನನ್ನ ಕ್ಷಮಿಸು!"

ಕೆಳಗಿನಿಂದ ಬಡಗಿಯ ಹೆಂಡತಿಯ ದನಿ ಕೇಳಿತು. "ಹಾಗಾದ್ರೆ ನನ್ನ ನಿಂಬೆಹಣ್ಣಿಂದೂ ತಪ್ಪಿಲ್ಲ ಅಂತಾಯ್ತು!"

ಅಂಗಳವೆಲ್ಲ ನಗು. ಆ ನಗುವಿನಲ್ಲೇ ಹತ್ತಾರು ಕೈ ಸೇರಿ ಗಂಟೆ ಮೇಲೇರಿತು. ಬಡಗಿ ಹಗ್ಗ ತಂದು ಗಾರೆಯವನ ಕೈಗಿಟ್ಟ.

"ಮೊದಲು ಹಿರಿಯರು ನೀವು..."

"ಹಿರಿಯನೇ ಹೇಳ್ತಿದ್ದೀನಿ, ಎಳಿಯೋ ಮಾರಾಯ!"

ಹಗ್ಗ ಕೊಟ್ಟ ಕೈ ನಡುಗುತ್ತಿತ್ತು. ಹಿಡಿದ ಕೈ ನಡುಗಲಿಲ್ಲ. ಗಂಟೆ ಢಣ್ಣೆಂದಿತು. ದೂರದ ಹೊಲಗಳಲ್ಲಿ ಉಳುತ್ತಿದ್ದವರು ಕೂಡ ನಿಂತು ಕಿವಿಗೊಟ್ಟರು. ಗಾರೆಯವನ ಹೆಂಡತಿ ತಲೆಯೆತ್ತಿ ಗಂಡನನ್ನು ನೋಡಿದವಳು, ಮತ್ತೆ ತಗ್ಗಿಸಲಿಲ್ಲ.