ಅರ್ಧ ಮನೆ ಕೆಳಗೆ

ನಮ್ಮ ಭಾವನಿಗೆ ಸೈರನ್ ಎಂಬ ಹೆಸರು ಬಿದ್ದದ್ದು ಬಟ್ಟೆ ಮಿಲ್ಲಿನಲ್ಲಿ. ಅವನು ಮಗ್ಗದ ಪಕ್ಕ ನಿಂತು, ಅದರ ಸದ್ದನ್ನೇ ತಾಳ ಮಾಡಿಕೊಂಡು ಹಾಡು ಕಟ್ಟುತ್ತಿದ್ದ. ಒಂದು ದಿನ ಹೊಸ ಹಾಡಿಗೆ ಕೊನೆಯ ಸಾಲು ಸಿಕ್ಕ ಖುಷಿಗೆ ಅಂಗಳಕ್ಕೆ ಬಂದು ಅದರ ತುದಿಯ ಸ್ವರವನ್ನು ಎತ್ತಿ ಹಿಡಿದ. ಒಳಗಿದ್ದವರೆಲ್ಲ ಪಾಳಿ ಮುಗಿಯಿತೆಂದು ಮಗ್ಗ ನಿಲ್ಲಿಸಿ, ಕೈ ತೊಳೆದು, ಊಟದ ಡಬ್ಬಿ ಹಿಡಿದು ಗೇಟು ದಾಟಿಬಿಟ್ಟರು. ಗೇಟಿನ ಕಾವಲುಗಾರನೂ ಮನೆಗೆ ಹೋದ. ಮಾಲೀಕರು ಗಡಿಯಾರಕ್ಕೆ ಕೀಲಿ ಕೊಡುವವನನ್ನು ಕೆಲಸದಿಂದ ತೆಗೆದುಹಾಕಿದರು. ಇದರಲ್ಲಿ ಎಷ್ಟು ನಿಜ ಎಂದು ನನ್ನನ್ನು ಕೇಳಬೇಡಿ, ನಾನಿನ್ನೂ ಚಡ್ಡಿ ಹಾಕುತ್ತಿದ್ದ ಕಾಲ. ಆದರೆ ನನ್ನ ಅಕ್ಕ ಅದೇ ಪಾಳಿಯಲ್ಲಿದ್ದಳು. "ಇಷ್ಟು ಬೇಗ ಮನೆಗೆ ಕಳಿಸೋ ಗಂಡಸು ಇನ್ನೊಬ್ಬ ಸಿಗಲ್ಲ" ಎಂದು ಅವನನ್ನೇ ಮದುವೆಯಾದಳು.

ಆ ಹಾಡನ್ನು ಮಿಲ್ಲಿನ ಬ್ಯಾಂಡಿನವರು ರೆಕಾರ್ಡು ಮಾಡಿದರು. 'ದೀಪ ಆರಿಸಿಲ್ಲ ಇನ್ನೂ' ಎಂದು ಅದರ ಮೊದಲ ಸಾಲು. ಕೊನೆಯಲ್ಲಿ 'ಬಾ' ಎಂಬ ಒಂದೇ ಅಕ್ಷರ ಮೇಲೆ ಹೋಗಿ ಅಲ್ಲೇ ನಿಲ್ಲುತ್ತದೆ. ಒಂದು ಚಳಿಗಾಲ ಪೂರ್ತಿ ಜನ ಅದನ್ನು ಕೇಳಿದರು, ಆಮೇಲೆ ಬೇರೆ ಹಾಡು ಬಂತು. ಮಿಲ್ಲು ಮುಚ್ಚಿತು. ಭಾವ ಮದುವೆ ಬ್ಯಾಂಡು ಸೇರಿದ, ಅದು ಜಗಳವಾಗಿ ಒಡೆಯಿತು. ಸರ್ಕಸ್ಸಿನ ಬ್ಯಾಂಡು ಸೇರಿದ, ಅಲ್ಲಿ ಆನೆ ಸತ್ತಮೇಲೆ ಸರ್ಕಸ್ಸೂ ಸತ್ತಿತು. ಹಡಗಿನ ಬ್ಯಾಂಡಿನಲ್ಲಿದ್ದಾಗ ವಾಂತಿ ಮಾಡದೆ ಹಾಡಿದ ಏಕೈಕ ಗಾಯಕ ತಾನೇ ಎನ್ನುತ್ತಿದ್ದ. ಹಡಗಿನ ಮಂದಿಯ ಪ್ರಕಾರ ಅವನು ಎರಡನ್ನೂ ಒಟ್ಟಿಗೇ ಮಾಡುತ್ತಿದ್ದ. ಹೋದಲ್ಲೆಲ್ಲ ಹೊಸ ಹಾಡು ಬರೆದ. ಜನ ಕೇಳುತ್ತಿದ್ದದ್ದು ಮಾತ್ರ ಆ ಒಂದನ್ನೇ.

ಕೊನೆಗೆ ಅವನೇ ಒಂದು ಬ್ಯಾಂಡು ಕಟ್ಟಿದ. ಗಿಟಾರಿಗೆ ತಂತಿ ಬಂದ; ಅವನ ಮೈಯೂ ಹಾಗೇ ಇದ್ದದ್ದರಿಂದ ಆ ಹೆಸರು. ಕೀಬೋರ್ಡಿಗೆ ಶಾಲೆಯಲ್ಲಿ ಸಂಗೀತ ಹೇಳಿಕೊಟ್ಟು ನಿವೃತ್ತಳಾದ ಟೀಚರ್. ಡ್ರಮ್ಮಿಗೆ ನಾನು, ಹೆಂಡತಿಯ ತಮ್ಮ ಎಂಬ ಅರ್ಹತೆಯ ಮೇಲೆ. ಸ್ಟೇಷನ್ನಿನ ಎದುರಿನ ಹೋಟೆಲಿನ ಊಟದ ಕೋಣೆಯಲ್ಲಿ ಮಧ್ಯಾಹ್ನದ ಹೊತ್ತು ಬಾರಿಸುವ ಕೆಲಸ ಸಿಕ್ಕಿತು. ಜನ ಉಣ್ಣುತ್ತಿದ್ದರು, ನಾವು ಬಾರಿಸುತ್ತಿದ್ದೆವು, ಇಬ್ಬರಿಗೂ ತಕರಾರಿರಲಿಲ್ಲ.

ಭಾವನದು ಒಂದು ಶಪಥವಿತ್ತು. "ಆ 'ಬಾ' ಸ್ವರ ಬರದ ದಿನ ಬಾಯಿ ಮುಚ್ತೀನಿ. ಮತ್ತೆ ತೆಗೆಯಲ್ಲ." ಬೇರೆಯವರು ಹೇಳಿದರೆ ನಕ್ಕುಬಿಡಬಹುದಿತ್ತು. ಇವನು ಒಂದು ಮೈಕಿನ ವಿಚಾರಕ್ಕೆ ಸ್ವಂತ ಅಣ್ಣನ ಜೊತೆ ಮಾತು ಬಿಟ್ಟವನು. ಅಣ್ಣ ಸತ್ತಾಗ ಹೆಣಕ್ಕೆ ಹೆಗಲು ಕೊಟ್ಟ, ಮಾತು ಮಾತ್ರ ಆಡಲಿಲ್ಲ.

ಹೀಗಿರುವಾಗ ಒಂದು ದಿನ ನಾವು ಅಭ್ಯಾಸ ಮಾಡುವ ಗ್ಯಾರೇಜಿಗೆ ಅಕ್ಕ ಒಬ್ಬಳೇ ಬಂದಳು. ಸೆರಗಿನಲ್ಲಿ ಕೈ ಒರೆಸುತ್ತಲೇ ಇದ್ದಳು, ಕೈ ಒದ್ದೆಯಿರಲಿಲ್ಲ.

"ಬೆಳಿಗ್ಗೆ ಸ್ನಾನಕ್ಕೆ ಹೋದಾಗ ಹಾಡ್ತಿದ್ರು. ಮೇಲಿನ ಸ್ವರ ಒಡೆದುಹೋಯ್ತು. ನೀರು ಸುರಿದು ಮುಚ್ಚಿಹಾಕಿದ್ರು, ನಂಗೆ ಕೇಳಿಸ್ಲಿಲ್ಲ ಅಂದ್ಕೊಂಡ್ರು."

"ಶೀತ ಇರ್ಬೇಕು" ಎಂದ ತಂತಿ.

"ಶೀತ ಅಲ್ಲ, ವಯಸ್ಸು. ನೀವೇ ಏನಾದ್ರೂ ಮಾಡಿ. ಹಾಡು ನಿಲ್ಸಿದ್ರೆ ಅವ್ರು ಗೋಡೆ ನೋಡ್ಕೊಂಡು ಮಲಗಿಬಿಡ್ತಾರೆ. ನಂಗೆ ಗೊತ್ತು ಆ ಮನುಷ್ಯ."

ತಂತಿ ಗಿಟಾರಿನ ಬಿರಡೆಗಳನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿದ. ಟೀಚರಿನ ಕೀಬೋರ್ಡಿನಲ್ಲಿ ಒಂದು ಗುಂಡಿಯಿತ್ತು, ಒತ್ತಿದರೆ ಇಡೀ ವಾದ್ಯದ ಶ್ರುತಿ ಅರ್ಧ ಮನೆ, ಅಂದರೆ ಸ್ವರದ ಒಂದು ಸಣ್ಣ ಮೆಟ್ಟಿಲು, ಕೆಳಗಿಳಿಯುತ್ತಿತ್ತು. ಎಷ್ಟು ಇಳಿದಿದೆ ಎಂದು ತೋರಿಸುವ ಪುಟ್ಟ ಪರದೆಯ ಮೇಲೆ ಆಕೆ ಗಾಯದ ಪಟ್ಟಿ ಅಂಟಿಸಿದಳು. ಭಾವ ಯಾವತ್ತೂ ಗಿಟಾರು ಕೇಳಿಯೇ ಶ್ರುತಿ ಹಿಡಿಯುವವನು. ಗಿಟಾರು ಇಳಿಯಿತು, ಅವನೂ ಇಳಿದ, ತುದಿಯ ಸ್ವರ ಸಲೀಸಾಗಿ ಬಂತು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಡ್ರಮ್ಮನ್ನು ಎಲ್ಲಿಗೆಂದು ಇಳಿಸುವುದು?

ಮುಂದಿನ ವರ್ಷ ಇನ್ನರ್ಧ ಮನೆ. ಆಮೇಲೆ ಮತ್ತರ್ಧ. ಕೊನೆಕೊನೆಗೆ ತಂತಿಯ ಗಿಟಾರಿನ ಮೇಲೆ ಬಟ್ಟೆ ಒಣಹಾಕಬಹುದಿತ್ತು, ಅಷ್ಟು ಸಡಿಲ. ಭಾವ ಮಾತ್ರ ತನ್ನ ವಯಸ್ಸಿನ ಗಾಯಕರನ್ನು ಆಡಿಕೊಳ್ಳುತ್ತಿದ್ದ. "ಅವನ ಹಾಡು ಕೇಳಿದ್ಯಾ? ನೆಲಮಾಳಿಗೆಗೆ ಇಳಿದಿದೆ. ನನ್ನ ನೋಡು, ಅವತ್ತಿನ ಶ್ರುತಿ, ಅವತ್ತಿನ ಸ್ವರ." ಟೀಚರ್ ಆಗ ತನ್ನ ಚೀಲದೊಳಗೆ ಏನನ್ನೋ ಹುಡುಕಲು ಶುರುಮಾಡುತ್ತಿದ್ದಳು.

ಕಂಡಕಂಡವರ ಬಾಯಲ್ಲಿ ಹಳೆಯ ಹಾಡುಗಳು ಮತ್ತೆ ಓಡಾಡತೊಡಗಿದ ಕಾಲವೊಂದು ಬಂತು. ಒಂದು ಕಂಪನಿಯವರು ಫೋನು ಮಾಡಿ, 'ದೀಪ ಆರಿಸಿಲ್ಲ ಇನ್ನೂ' ಹಾಡಿನ ಸಂಗೀತವನ್ನು ಹೊಸದಾಗಿ ನುಡಿಸಿ ಇಟ್ಟಿದ್ದೇವೆ, ಬರೆದವರೇ ಬಂದು ಹಾಡಿಕೊಡಬೇಕು ಎಂದರು. ಭಾವ ಇಸ್ತ್ರಿ ಹಾಕಿದ ಕೋಟು ತೊಟ್ಟು, ಅಕ್ಕನನ್ನೂ ನಮ್ಮನ್ನೂ ಮದುವೆ ದಿಬ್ಬಣದ ಹಾಗೆ ಹೊರಡಿಸಿದ. ದಾರಿಯುದ್ದಕ್ಕೂ ತಂತಿಯ ಮುಖ ನೋಡುವಂತಿರಲಿಲ್ಲ. ಹಳೆಯ ರೆಕಾರ್ಡು ಇಟ್ಟುಕೊಂಡು ಹೊಸದು ಮಾಡಿದ್ದರೆ ಅದು ಯಾವ ಎತ್ತರದಲ್ಲಿರುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

ಸ್ಟುಡಿಯೋದಲ್ಲಿ ಸಂಗೀತ ಜೋಡಿಸಿದ ಹುಡುಗಿಯನ್ನು ತಂತಿ ಬಾಗಿಲ ಹತ್ತಿರವೇ ಹಿಡಿದು ಕಿವಿಯಲ್ಲಿ ಏನೋ ಪಿಸುಗುಟ್ಟಿದ. "ಆಯ್ತು ಸರ್, ಇಳಿಸಬಹುದು, ಕಷ್ಟ ಏನಿಲ್ಲ. ಮೊದ್ಲು ಹೀಗೇ ಒಂದ್ಸಲ ಕೇಳ್ಲಿ, ಖುಷಿಪಡ್ತಾರೆ" ಎಂದಳು. ಒಳ್ಳೆಯ ಹುಡುಗಿ, ಅವಳನ್ನು ದೂರುವ ಹಾಗಿಲ್ಲ.

ಹಾಡು ಶುರುವಾಯಿತು. ಭಾವ ಗಾಜಿನ ಆಚೆ ನಿಂತಿದ್ದ. ಎರಡು ಸಾಲು ಕೇಳಿ ಕೈ ಎತ್ತಿದ.

"ಮಗಳೇ, ನಿನ್ನ ಯಂತ್ರ ಜೋರಾಗಿ ಓಡ್ತಿದೆ. ಶ್ರುತಿ ಮೇಲಕ್ಕೆ ಹೋಗಿದೆ."

"ಇಲ್ಲ ಸರ್. ನಿಮ್ಮ ರೆಕಾರ್ಡಿನದೇ ಶ್ರುತಿ."

"ನನ್ನ ಹಾಡಿನ ಶ್ರುತಿ ನಂಗೇ ಹೇಳ್ಕೊಡ್ತೀಯಾ? ನಮ್ಮೋರನ್ನ ಕೇಳು. ಟೀಚರ್, ಹೇಳ್ರೀ."

ಟೀಚರ್ ತರಗತಿಯ ದನಿಯಲ್ಲಿ, "ಹೌದು, ಮೇಲಿದೆ" ಎಂದಳು. ತಂತಿಯೂ ತಲೆಯಾಡಿಸಿದ. ಭಾವ ನನ್ನ ಕಡೆ ತಿರುಗಿದ. ಸ್ವಲ್ಪ ಓಡುತ್ತಿದೆ ಎಂದೆ. ನಾನು ಹೇಳಿದ್ದು ತಾಳದ ಬಗ್ಗೆ ಎಂದು ಯಾವ ಕೋರ್ಟಿನಲ್ಲಿ ಬೇಕಾದರೂ ವಾದಿಸಬಲ್ಲೆ.

ಪಾಪ, ಆ ಹುಡುಗಿಗೆ ತಲೆಬುಡ ತಿಳಿಯಲಿಲ್ಲ. ಹಳೆಯ ರೆಕಾರ್ಡನ್ನೇ ಹಾಕಿಬಿಟ್ಟಳು. ಮಿಲ್ಲಿನ ಕಾಲದ ಭಾವನ ದನಿ ಕೋಣೆ ತುಂಬಿತು. ಅಕ್ಕ ಕುರ್ಚಿಯ ಕೈ ಹಿಡಿದುಕೊಂಡಳು.

"ಇದೂ ಓಡ್ತಿದೆ" ಎಂದ ಭಾವ. "ಇದು ನಾನಲ್ಲ. ಯಾರೋ ಹುಡುಗಿ ಹಾಡಿದ ಹಾಗಿದೆ. ಶ್ರುತಿಕವಲು ಇದ್ಯಾ? ತಗೊಂಡ್ಬಾ, ಈಗಲೇ ತೀರ್ಮಾನ ಆಗ್ಲಿ."

ಶ್ರುತಿಕವಲು ಎಂದರೆ ಎರಡು ಹಲ್ಲಿನ ಉಕ್ಕಿನ ತುಂಡು. ಬಡಿದರೆ ಒಂದೇ ಸ್ವರ ಹೇಳುತ್ತದೆ, ಯಾರ ಮುಖ ನೋಡಿಯೂ ಬದಲಾಯಿಸುವುದಿಲ್ಲ. ಹುಡುಗಿ ತಂದುಕೊಟ್ಟಳು. ಭಾವ ಅದನ್ನು ಮೊಣಕಾಲಿಗೆ ಬಡಿದು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಹಿಡಿದ. ಕಣ್ಣು ಮುಚ್ಚಿ, ತಾನು ದಿನಾ ಹೋಟೆಲಿನಲ್ಲಿ ಹಿಡಿಯುವ ಸ್ವರವನ್ನು ಗುನುಗಿದ. ನಿಲ್ಲಿಸಿದ. ಮತ್ತೆ ಬಡಿದ, ಮತ್ತೆ ಗುನುಗಿದ. ಮೂರನೆಯ ಸಲ ಬಡಿದು, ಸುಮ್ಮನೆ ಕೇಳುತ್ತ ನಿಂತ, ಅದು ಪೂರ್ತಿ ಆರುವವರೆಗೆ.

"ಎಷ್ಟು ಇಳಿಸಿದ್ದೀರಾ?"

ಟೀಚರ್ ಚೀಲದೊಳಗೆ ಕೈ ಹಾಕಿದಳು.

"ತಂತಿ, ನಿನ್ನೇ ಕೇಳಿದ್ದು."

"ಎರಡೂವರೆ ಮನೆ. ಒಂದೇ ಸಲಕ್ಕಲ್ಲ ಅಣ್ಣಾ..."

ಭಾವ ಅಕ್ಕನ ಕಡೆ ನೋಡಿದ. "ನಿಂಗೂ ಗೊತ್ತಿತ್ತಾ?"

"ನಾನೇ ಹೇಳಿದ್ದು ಅವ್ರಿಗೆ" ಎಂದಳು ಅಕ್ಕ.

ಇಳಿಸಿಕೊಡುತ್ತೇನೆ ಎಂದು ಆ ಹುಡುಗಿ ಬಾಗಿಲವರೆಗೂ ಹಿಂದೆ ಬಂದಳು. ಭಾವ ಅವಳಿಗೆ ಕೈ ಮುಗಿದು ಮೆಟ್ಟಿಲಿಳಿದ. ಬಸ್ಸಿನಲ್ಲಿ ಒಬ್ಬನೇ ಕೂತ.

ಮಾರನೆಯ ದಿನ ಅವನು ಬರುವುದಿಲ್ಲ ಎಂದೇ ಅಂದುಕೊಂಡಿದ್ದೆವು. ನಮಗಿಂತ ಮೊದಲೇ ಹೋಟೆಲಿನಲ್ಲಿದ್ದ. ಟೀಚರಿನ ಕೀಬೋರ್ಡಿನ ಪಟ್ಟಿಯನ್ನು ಉಗುರಿನಿಂದ ಕಿತ್ತು, "ಮೇಲೆತ್ತಿ, ಮೊದಲಿದ್ದಲ್ಲಿಗೆ" ಎಂದ.

"ಗಂಟಲು ಹರಿದುಹೋಗುತ್ತೆ ಅಣ್ಣಾ" ಎಂದ ತಂತಿ.

"ಹರೀಲಿ. ಬರಲ್ಲ ಅಂತ ಒಂದು ಉಕ್ಕಿನ ತುಂಡು ಹೇಳಿದ್ರೆ ಸಾಲದು. ನಾನೇ ನೋಡ್ಬೇಕು."

ಮೇಜುಗಳೆಲ್ಲ ತುಂಬಿದ್ದವು. ಬಾರಿಸಿದೆವು. ಮೊದಲ ಸಾಲಿನಲ್ಲೇ ಅವನ ಕತ್ತಿನ ನರಗಳು ಉಬ್ಬಿದವು. ನಡುವಿನ ಸಾಲುಗಳನ್ನು ಎಳೆದಾಡಿಕೊಂಡು ದಾಟಿದ. ಕೊನೆಗೆ ಆ 'ಬಾ' ಬಂತು. ಎಂದಿನಂತೆ ಕೈ ಎತ್ತಿದ, ಬಾಯಿ ತೆರೆದ. ಗಾಳಿ ಬಂತು, ಅಷ್ಟೆ. ಕೈ ಇಳಿಸಲಿಲ್ಲ, ಬಾಯಿ ಮುಚ್ಚಲಿಲ್ಲ, ಆ ಸ್ವರ ಎಷ್ಟು ಹೊತ್ತು ನಿಲ್ಲಬೇಕೋ ಅಷ್ಟು ಹೊತ್ತೂ ಹಾಗೇ ನಿಂತಿದ್ದ. ನಾನು ಹಿಂದಿನಿಂದ ಅವನ ಕೋಟಿನ ಬೆನ್ನು ನೋಡುತ್ತ ತಾಳ ಹಿಡಿದಿದ್ದೆ.

ಮುಂದಿನ ಮೇಜಿನವನು ನೀರು ಕೇಳಿದ. ಯಾರದೋ ಚಮಚ ನೆಲಕ್ಕೆ ಬಿತ್ತು. ಹಾಡು ಮುಗಿದಾಗ ಚಪ್ಪಾಳೆ ಬಂತು, ದಿನಾ ಬರುವಷ್ಟೇ. ಈ ಹಾಡಿಗೆಂದೇ ವಾರವಾರ ಬರುತ್ತೇವೆ ಎನ್ನುತ್ತಿದ್ದ ದಂಪತಿ ಎಂದಿನಂತೆ ಕೈ ಬೀಸಿದರು.

ಮ್ಯಾನೇಜರು ಹಲ್ಲು ಕಡ್ಡಿ ಆಡಿಸುತ್ತ ಬಂದ. "ಇವತ್ತು ಚೆನ್ನಾಗಿತ್ತು ಸೈರನ್ನೋರೇ. ಊಟ ಮಾಡೋರಿಗೆ ಕಿರಿಕಿರಿ ಆಗ್ಲಿಲ್ಲ. ಹೀಗೇ ಇರ್ಲಿ."

ಭಾವ ಅವನನ್ನು ನೋಡಿದ. ಮೇಜುಗಳನ್ನು ನೋಡಿದ. ಆಮೇಲೆ ತಂತಿಯನ್ನು ಕೇಳಿದ, ಕೋಪವಿಲ್ಲದ ದನಿಯಲ್ಲಿ: "ಇಷ್ಟು ವರ್ಷ ಯಾರಿಗೋಸ್ಕರ ಇಳಿಸ್ತಿದ್ರೋ?"

"ನಿಮಗೋಸ್ಕರ ಅಣ್ಣಾ."

"ನಾನು ಇವರಿಗೋಸ್ಕರ ಹಾಡ್ತಿದ್ದೆ."

ಅಡುಗೆಮನೆಯ ಬಾಗಿಲಿನಿಂದ ಹೊರಗೆ ಹೋದ. ಆಮೇಲೆ ಅವನು ಹಾಡಿಲ್ಲ. ಮನೆಯಲ್ಲಿ ಊಟ ಕೇಳುತ್ತಾನೆ, ಹೊದಿಕೆ ಕೇಳುತ್ತಾನೆ. ಅಕ್ಕ ರೇಡಿಯೋವನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಳು.

ನಾವು ಮೂವರೇ ಬಾರಿಸುತ್ತೇವೆ. ಮೊದಲ ದಿನ ಯಾವ ಶ್ರುತಿಗೆ ಎಂದು ಟೀಚರ್ ಕೇಳಿದಳು, ತಂತಿ ಬಿರಡೆಗಳನ್ನು ಬಿಗಿದು, ಮತ್ತೆ ಸಡಿಲಿಸಿದ. ಮೈಕಿನ ಕಂಬವನ್ನು ತೆಗೆಯಲು ಮನಸ್ಸು ಬಾರದೆ ಮಧ್ಯದಲ್ಲೇ ಬಿಟ್ಟಿದ್ದೆವು. ಗಾಯಕ ಇಲ್ಲ ಎಂಬುದು ಮ್ಯಾನೇಜರಿಗೆ ಗೊತ್ತಾದದ್ದು ಎಷ್ಟೋ ವಾರಗಳ ಮೇಲೆ, ಬಡಿಸುವವನೊಬ್ಬ ಸಾರಿನ ಪಾತ್ರೆ ಹಿಡಿದು ಬಂದು ಆ ಕಂಬಕ್ಕೆ ಎಡವಿ ಬಿದ್ದಾಗ.