ಏಳು ನೀರಿನವನ ಮೂರು ಟಿಕ್ಕು

ಪ್ರಯೋಗಾಲಯದಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರಿರಲಿಲ್ಲ. ‘ಏಳು ನೀರು’ ಎಂದರೆ ತಿರುಗಿ ನೋಡುತ್ತಿದ್ದ. ಯಾವ ಪುಡಿ ಕೊಟ್ಟರೂ ಶುದ್ಧ ನೀರಿನಲ್ಲಿ ಏಳು ಸಲ ತೊಳೆದೇ ಫರ್ನೇಸಿಗೆ ಇಡುವವನು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಯಾರಾದರೂ ‘ಐದು ಸಾಕಲ್ವಾ?’ ಅಂದರೆ ಮೈಮೇಲೇ ಬೀಳುತ್ತಿದ್ದ.

ಈಗ ಎಲ್ಲರ ತಲೆ ತಿನ್ನುತ್ತಿದ್ದದ್ದು ಒಂದು ಕಂದು ಪುಡಿ, ಕಬ್ಬಿಣದ್ದು. ಕಾರ್ಖಾನೆಯ ಹೊಗೆಗೆ ಜಲಜನಕ ಬೆರೆಸಿ, ಕಾದ ಪುಡಿಯ ಮೇಲೆ ಹಾಯಿಸಿದರೆ ಪ್ಲಾಸ್ಟಿಕ್ಕಿಗೆ ಬೇಕಾದ ಅನಿಲ ಹೊರಡಬೇಕು. ಈ ಸಂಶೋಧನೆ ನಡೆಸುತ್ತಿದ್ದ ಮೇಡಂ ಮಾಡಿದ ಮೊದಲ ಪುಡಿ ಭರ್ಜರಿಯಾಗಿ ಕೆಲಸ ಮಾಡಿ, ಪರೀಕ್ಷೆಗಳಲ್ಲೇ ಮುಗಿದುಹೋಗಿತ್ತು. ಆಮೇಲಿನ ಐದೂ ಸತ್ತ ಮಣ್ಣು. ಸೋಮವಾರ ಇದನ್ನು ಕಣ್ಣಾರೆ ನೋಡಲು ಪರಿಶೀಲನಾ ಸಮಿತಿಯವರು ಬರುವವರಿದ್ದರು. ಅವರೆದುರು ಪುಡಿ ಕೈಕೊಟ್ಟರೆ, ಮೇಡಂ ಅಂಕಿಗಳನ್ನು ಕಟ್ಟಿ ಬರೆದರೆಂದೇ ಅರ್ಥ.

“ತೊಳೆಯೋದ್ರಲ್ಲಿ ಏನಾದ್ರೂ ಹೆಚ್ಚು ಕಮ್ಮಿ ಆಯ್ತಾ ಅಣ್ಣಾ?” ಎಂದು ಮೇಡಂ ಗುರುವಾರ ಕೇಳಿದರು.

ಅವನಿಗೆ ಎಲ್ಲಿತ್ತೋ ಸಿಟ್ಟು. ರಿಜಿಸ್ಟರ್ ತಂದು ಮೇಜಿನ ಮೇಲೆ ಕುಕ್ಕಿದ. “ನೋಡ್ಕೊಳಿ. ಆರು ಪುಡಿ, ಒಂದೊಂದಕ್ಕೂ ಏಳು ಟಿಕ್ಕು. ನಿಮ್ಮ ಲೆಕ್ಕ ತಪ್ಪಿದ್ರೆ ನನ್ನ ಕೈ ಮೇಲೆ ಹಾಕ್ಬೇಡಿ.”

ಮೇಡಂ ಟಿಕ್ಕುಗಳನ್ನು ಎಣಿಸಿ, ಪುಸ್ತಕ ಮುಚ್ಚಿ ಕೊಟ್ಟರು.

ಶನಿವಾರ ಬೆಳಿಗ್ಗೆ ಅವನ ಕತ್ತಿಗೆ ಅಂಗಿ ಕಡಿಯುತ್ತಿತ್ತು.

“ಏನೇ ಇದು, ಸೋಪು ಬಿಟ್ಟೇ ಇಲ್ಲ!”

ಹೆಂಡತಿ ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ. “ಎರಡನೇ ನೀರಿಗೇ ನಲ್ಲಿ ನಿಂತೋಯ್ತು. ಹಿಂಡಿ ಹಾಕ್ದೆ. ಏಳು ನೀರು ಬೇಕಂದ್ರೆ ನಿಮ್ಮ ಲ್ಯಾಬಿಗೇ ತಗೊಂಡ್ಹೋಗಿ.”

“ನಮ್ಮಲ್ಲಿ ನೀರು ನಿಲ್ಲಲ್ಲ ಕಣೇ...” ಎಂದವನು ಬಾಯಿ ಹಾಗೇ ಬಿಟ್ಟ.

ನಿಂತಿತ್ತು. ಮೊದಲ ಪುಡಿಯ ದಿನವೇ. ಶುದ್ಧ ನೀರಿನ ಯಂತ್ರ ಕೆಟ್ಟು, ಮೂರು ನೀರಿಗೆ ಕ್ಯಾನು ಬರಿದಾಗಿತ್ತು. ಮೇಡಂಗೆ ಅವಸರವಿತ್ತು, ಹಾಗೇ ಫರ್ನೇಸಿಗೆ ಇಟ್ಟಿದ್ದ. ಟಿಕ್ಕುಗಳನ್ನಂತೂ ಅವನು ಯಾವತ್ತೂ ತೊಳೆಯುವ ಮೊದಲೇ ಹಾಕುವವನು. ಏಳು ಎಂದ ಮೇಲೆ ಏಳೇ. ಒದ್ದೆ ಕೈಯಲ್ಲಿ ಪೆನ್ನು ಯಾರು ಹಿಡಿಯುತ್ತಾರೆ?

“ಯಾಕ್ರೀ, ದೆವ್ವ ಕಂಡ್ರಾ?”

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನು ಕಡಿಯುವ ಅಂಗಿಯಲ್ಲೇ ಲ್ಯಾಬಿಗೆ ಹೊರಟ.

“ಮೊದಲ್ನೇದಕ್ಕೆ ಮೂರೇ ನೀರು ಮೇಡಂ. ಟಿಕ್ಕು ಸುಳ್ಳು,” ಎಂದ, ಜಗಳಕ್ಕೆ ಬಂದವನ ಹಾಗೆ.

ಮೇಡಂ ಬಯ್ಯಲಿಲ್ಲ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. “ಪೊಟ್ಯಾಸಿಯಂ! ದ್ರಾವಣದಿಂದ ಪುಡಿ ತಳಕ್ಕಿಳಿಸೋಕೆ ಹಾಕ್ತೀವಲ್ಲ, ಆ ಕ್ಷಾರದ್ದು. ಮೂರು ನೀರಿಗೆ ಸ್ವಲ್ಪ ಉಳ್ಕೊಳ್ಳತ್ತೆ. ನಾವು ಕೊಳೆ ಅಂತ ತೊಳೆದು ಚೆಲ್ತಿದ್ದಿದ್ದೇ ಕೆಲಸ ಮಾಡ್ತಿತ್ತೋ ಏನೋ ಅಣ್ಣಾ!”

“ಅಂದ್ರೆ ಇಪ್ಪತ್ತೆರಡು ವರ್ಷ ನಾನು...”

“ಅಯ್ಯೋ, ಬೇರೆ ಪುಡಿಗೆಲ್ಲ ಏಳೇ ಸರಿ. ಈಗ ತೊಳೀರಿ!”

ಅವನು ತೊಳೆದ. ಒಂದೊಂದು ನೀರಿಗೂ ಕೈ ಒರೆಸಿಕೊಂಡು ಒಂದೊಂದು ಟಿಕ್ಕು. ಮೂರಾದ ಮೇಲೂ ಕೈ ತಾನಾಗಿ ಕ್ಯಾನಿನತ್ತ ಹೋಯಿತು. ಆ ಕೈಯನ್ನು ಜೇಬಿಗೆ ಹಾಕಿಕೊಂಡು ನಿಂತ.

ಸೋಮವಾರ ಪರದೆಯ ಮೇಲೆ ಅನಿಲದ ಅಳತೆಯ ಗೆರೆ ಮೊದಲಿನಷ್ಟೇ ಎತ್ತರಕ್ಕೆ ಏರಿತು. ಸಮಿತಿಯ ಹಿರಿಯರು ರಿಜಿಸ್ಟರ್ ತಿರುವಿ, ಹಳೆಯ ಪುಟದಲ್ಲಿ ಬೆರಳಿಟ್ಟರು.

“ಇಲ್ಲಿ ಏಳರಲ್ಲಿ ನಾಲ್ಕು ಟಿಕ್ಕಿಗೆ ಅಡ್ಡಗೀಟು ಹಾಕಿದಾರೆ. ಪಕ್ಕದಲ್ಲಿ ಮೊನ್ನೆ ತಾರೀಖು. ಯಾರು ಇದು?”

ಮೇಡಂ ಬಾಯಿ ತೆರೆಯುವಷ್ಟರಲ್ಲಿ ಅವನು ಮುಂದೆ ಬಂದ.

“ನಾನೇ,” ಎಂದ. ಈ ಸಲ ಗಂಟಲು ಜೋರು ಮಾಡಲಿಲ್ಲ.